ಉಲ್ಲೇಖಗಳ ಎಣಿಕೆಯೂ ಯಕೃತ್ತಿನ ಅರ್ಬುದವೂ

ಸಂಶೋಧಕನ ಯೋಗ್ಯತೆಯನ್ನು ಅವನ ಲೇಖನಗಳ ಸಂಖ್ಯೆಯಿಂದಲೂ, ಇತರರು ಅವನ್ನು ಎಷ್ಟು ಸಲ ಉಲ್ಲೇಖಿಸಿದರೆಂಬುದರಿಂದಲೂ ಅಳೆಯುವ ಪದ್ಧತಿಯು ಈಗ ಎಲ್ಲೆಡೆಯೂ ಹಬ್ಬಿದೆ. ವಿಜ್ಞಾನದ ಉಲ್ಲೇಖಸೂಚಿಯನ್ನು ಗಾರ್ಫೀಲ್ಡರು 1964ರಲ್ಲಿ ಅಮೆರಿಕೆಯ ಫಿಲಡೆಲ್ಫಿಯದಿಂದ ಹೊರಡಿಸಿದರು. ಅದೇ ವರ್ಷ ಅದೇ ನಗರದ ಅರ್ಬುದ ಸಂಶೋಧನಾಲಯಕ್ಕೆ ಡಾಕ್ಟರ್ ಬರೂಕ್ ಬ್ಲಂಬರ್ಗರು ಬಂದರು. ಅಳತೆಗೋಲನ್ನೇ ಅಳೆಯಲು ಇವರ ಚರಿತ್ರೆ ಸಾಕು!

ಆಸ್ಟ್ರೇಲಿಯದ ಆದಿವಾಸಿಯೊಬ್ಬನ ರಕ್ತದಲ್ಲಿ ಕಂಡ ಅಪರಿಚಿತ ವಸ್ತುವನ್ನು ಕುರಿತು ಅವರ ಲೇಖನವು 1965ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ರಕ್ತದ ಅರ್ಬುದದ ಹೆಸರಿತ್ತೇ ಹೊರತು ಯಕೃತ್ತಿನ ಸೊಲ್ಲೇ ಇರಲಿಲ್ಲ. ಮರುವರ್ಷವೇ ಯಾವುದಾದರೂ ಸಮಿತಿಯು ಉಲ್ಲೇಖಗಳನ್ನು ಎಣಿಸಲು ಕುಳಿತಿದ್ದರೆ ಅದಕ್ಕೆ ಏನು ತಾನೆ ತಿಳಿಯುತ್ತಿತ್ತು? ಎಣಿಕೆಯೇ ಕೂಡದೆಂದು ನಾವು ಹೇಳುವುದಿಲ್ಲ. ಆದರೆ ನೇಮಕ ಮಾಡುವ ಮಹನೀಯರು ಅಭ್ಯರ್ಥಿಯ ಎರಡು ಲೇಖನಗಳನ್ನಾದರೂ ಓದಿ ಬರಬೇಕೆಂಬುದು ನಮ್ಮ ಬಿನ್ನಹ.

ಆ ವಸ್ತುವು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚವೆಂದು ಬಳಿಕ ಸಿದ್ಧವಾಯಿತು. ದೀರ್ಘಕಾಲ ದೇಹದಲ್ಲಿ ನೆಲೆಸಿದರೆ ಈ ವೈರಾಣು ಯಕೃತ್ತಿನ ಅರ್ಬುದಕ್ಕೂ ಕಾರಣವಾಗುತ್ತದೆ. ಬ್ಲಂಬರ್ಗರೂ ಮಿಲ್‌ಮನ್ನರೂ 1969ರಲ್ಲಿ ಲಸಿಕೆಯ ಪೇಟೆಂಟಿಗೆ ಅರ್ಜಿ ಹಾಕಿದರು. 1976ರಲ್ಲಿ ಬ್ಲಂಬರ್ಗರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ತೈವಾನಿನ ಸರ್ಕಾರವು 1984ರಲ್ಲಿ ಶಿಶುಗಳಿಗೆ ಲಸಿಕೆ ಹಾಕಿಸತೊಡಗಿತು. ಅಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಈ ಅರ್ಬುದವು 1981–86ರಲ್ಲಿ ವರ್ಷಕ್ಕೆ ಲಕ್ಷಕ್ಕೆ 0.70ರಷ್ಟಿದ್ದದ್ದು, 1990–94ರಲ್ಲಿ 0.36ಕ್ಕೆ ಇಳಿಯಿತು.