ಹಂದಿ ಮರಿಗಳ ಬೆಳವಣಿಗೆಗೆ ನೆಲವೂ ಬೇಕು, ಲವಣವೂ ಬೇಕು

ಒಂದೇ ಸೂಲಿನ ಹತ್ತು ಮರಿಗಳಲ್ಲಿ ನಾಲ್ಕು ಮೈದುಂಬಿ ಬೆಳೆದು, ಉಳಿದವು ಒರಟು ಕೂದಲು, ಜೋತ ಹೊಟ್ಟೆಯೊಡನೆ ಕುಗ್ಗಿಹೋಗುವುದು ಹಂದಿ ಸಾಕಾಣಿಕೆಯಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಇದನ್ನು ತಳಿಯ ದೋಷವೆಂದೋ ಜಂತುಹುಳುವಿನ ಬಾಧೆಯೆಂದೋ ತಿಳಿದು ರೈತರು ಬೂಸಾ, ಹಿಂಡಿಗಳನ್ನು ಹೆಚ್ಚಿಸುತ್ತಾರೆ. ಜಂತುಹುಳುವಿಗೆ ಔಷಧಿ ಕೊಡಬೇಕಾದುದು ನಿಜವೇ. ಆದರೆ ಎಷ್ಟೋ ಕಡೆ ತೊಂದರೆಯಿರುವುದು ಮರಿ ಮಲಗುವ ನೆಲದಲ್ಲಿ ಮತ್ತು ಚಿಟಿಕೆಯಷ್ಟೇ ಬೇಕಾಗುವ ಖನಿಜಗಳಲ್ಲಿ.

ಹುಟ್ಟಿದ ಮರಿಯ ಮೈಯಲ್ಲಿ ಸುಮಾರು 50 ಮಿ.ಗ್ರಾಂ. ಕಬ್ಬಿಣವಿರುತ್ತದೆ. ಬೆಳೆಯಲು ಅದಕ್ಕೆ ದಿನಕ್ಕೆ ಕನಿಷ್ಠ 7 ಮಿ.ಗ್ರಾಂ. ಬೇಕು, ತಾಯಿಯ ಹಾಲಿನಿಂದ ದೊರೆಯುವುದು ಸುಮಾರು 1 ಮಿ.ಗ್ರಾಂ. ಮಾತ್ರ. ತಾಯಿಗೆ ಎಷ್ಟು ಕಬ್ಬಿಣ ತಿನ್ನಿಸಿದರೂ ಹಾಲಿನಲ್ಲಿ ಅದು ಹೆಚ್ಚುವುದಿಲ್ಲ. ನೆಲ ಕೆದಕಿ ಬೆಳೆಯುವ ನಾಟಿ ಹಂದಿಯ ಮರಿಗೆ ಉಳಿದದ್ದು ಮಣ್ಣಿನಿಂದ ಸಿಗುತ್ತದೆ. ಯಾರ್ಕ್‌ಷೈರ್, ಲ್ಯಾಂಡ್‌ರೇಸ್ ತಳಿಗಳನ್ನು ಸಿಮೆಂಟಿನ ನೆಲದ ಮೇಲೆ ಸಾಕುವಾಗ ಕೊಳೆಯೊಡನೆ ಕಬ್ಬಿಣವೂ ಹೊರಗುಳಿಯುತ್ತದೆ. ಎರಡು-ಮೂರು ವಾರಗಳಲ್ಲಿ ಮರಿಗಳ ಕಿವಿ, ಒಸಡು ಬಿಳಿಚಿಕೊಳ್ಳುತ್ತವೆ. ಸ್ವಲ್ಪ ಓಡಿದರೂ ಏದುಸಿರು ಬರುತ್ತದೆ. ಬೇಗ ಬೆಳೆಯುವ ಮರಿಗೆ ರಕ್ತವೂ ಹೆಚ್ಚು ಬೇಕಾದ್ದರಿಂದ, ಗುಂಪಿನಲ್ಲಿ ಚೆನ್ನಾಗಿದ್ದ ಮರಿಯೇ ಹಠಾತ್ತನೆ ಸಾಯುವುದುಂಟು. ಹುಟ್ಟಿದ 2-3ನೆಯ ದಿನ ಪಶುವೈದ್ಯರಿಂದ ಸುಮಾರು 200 ಮಿ.ಗ್ರಾಂ. ಕಬ್ಬಿಣದ ಚುಚ್ಚುಮದ್ದನ್ನು ಕತ್ತಿನ ಸ್ನಾಯುವಿಗೆ ಹಾಕಿಸಬೇಕು. ಅದು ಸಿಗುವುದು ತಡವಾದರೆ, ಹಂದಿಗಳು ಓಡಾಡದ ಕಡೆಯಿಂದ ತಂದ ಕೆಂಪು ಮಣ್ಣನ್ನು ದಿನವೂ ಒಂದು ಮೂಲೆಯಲ್ಲಿ ಹರಡಬಹುದು.

ಹಾಲು ಬಿಡಿಸಿದ ಮೇಲೆ ಕಾಡುವುದು ಸತುವಿನ ಕೊರತೆ. ಎರಡರಿಂದ ನಾಲ್ಕು ತಿಂಗಳ ಮರಿಗಳ ಕಾಲು, ಹೊಟ್ಟೆ, ತೊಡೆಗಳ ಮೇಲೆ ಎರಡೂ ಕಡೆ ಒಂದೇ ಸಮನೆ ಹಕ್ಕಳೆ ಕಟ್ಟಿ ಚರ್ಮ ಬಿರಿಯುತ್ತದೆ. ನೋಡುವವರಿಗೆ ಅದು ಕಜ್ಜಿಯಂತೆಯೇ ಕಾಣುತ್ತದೆ. ವಾರಗಟ್ಟಲೆ ಬೇವಿನೆಣ್ಣೆ ಹಚ್ಚಿದರೂ ವಾಸಿಯಾಗದು. ಕಜ್ಜಿಯಾದರೆ ಮರಿ ಬಿಡದೆ ಗೋಡೆಗೆ ಮೈ ಉಜ್ಜುತ್ತದೆ. ಇದರಲ್ಲಿ ತುರಿಕೆ ಕಡಿಮೆ. 1955ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಟಕ್ಕರ್ ಮತ್ತು ಸಾಲ್ಮನ್ ಎಂಬ ವಿಜ್ಞಾನಿಗಳು ಆಹಾರದಲ್ಲಿ ಸತು ಬೆರೆಸಿ ಈ ರೋಗವನ್ನು ಗುಣಪಡಿಸಿ ತೋರಿಸಿದರು. ತೌಡು, ಹಿಂಡಿಗಳಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಕಟ್ಟಿಹಾಕುತ್ತದೆ. ಸುಣ್ಣಾಂಶ ಹೆಚ್ಚಿದಷ್ಟೂ ಆ ಕಟ್ಟು ಬಿಗಿಯಾಗುತ್ತದೆ. ಮೂಳೆ ಗಟ್ಟಿಯಾಗಲೆಂದು ಸುಣ್ಣಕಲ್ಲಿನ ಪುಡಿಯನ್ನು ಕೈಗೆ ಬಂದಷ್ಟು ಸುರಿಯುವವರು ತಾವೇ ರೋಗವನ್ನು ಕರೆದಂತೆ. ಮರಿಗಳ ಆಹಾರದಲ್ಲಿ ಸುಣ್ಣಾಂಶ ಶೇ. 0.7ರ ಆಸುಪಾಸಿನಲ್ಲಿದ್ದರೆ ಸಾಕು. 100 ಕೆ.ಜಿ. ಆಹಾರಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಒಳ್ಳೆಯ ಖನಿಜ ಮಿಶ್ರಣ, ಅರ್ಧ ಕೆ.ಜಿ. ಉಪ್ಪು ಬೆರೆಸಬೇಕು. ಗದ್ದೆಗೆಂದು ತಂದ ಸತುವಿನ ಸಲ್ಫೇಟನ್ನು ಆಹಾರಕ್ಕೆ ಹಾಕಬಾರದು. ಅದರಲ್ಲಿ ಸೀಸದಂಥ ವಿಷಲೋಹಗಳು ಬೆರೆತಿರಬಹುದು. ಹೋಟೆಲಿನ ಉಳಿಕೆಯನ್ನು ಕುದಿಸಿ ಹಾಕುವವರು ಬೇರೆ ಉಪ್ಪು ಸೇರಿಸಬೇಕಾಗಿಲ್ಲ. ಉಪ್ಪು ಹೆಚ್ಚಾಗಿ ನೀರು ಕಡಿಮೆಯಾದರೆ ಮರಿಗಳು ಕಣ್ಣು ಕಾಣದೆ ತಡವರಿಸಿ, ಸೆಟೆದು ಬೀಳುತ್ತವೆ.

ಇಷ್ಟೆಲ್ಲ ಬೆರೆಸಿದರೂ ಅದು ಬಾನಿಯವರೆಗೆ ಬರಲಾರದ ಮರಿಗೆ ದಕ್ಕುವುದಿಲ್ಲ. 3ರಿಂದ 5 ತಿಂಗಳ ಮರಿಯೊಂದಕ್ಕೆ ಚಾವಣಿಯ ಕೆಳಗೆ 10ರಿಂದ 13 ಚದರ ಅಡಿ, ಹೊರಗೆ ಅಷ್ಟೇ ತೆರೆದ ಅಂಗಳ ಬೇಕು. 12 ಅಡಿ ಉದ್ದ, 10 ಅಡಿ ಅಗಲದ ಮನೆ ಹತ್ತು-ಹನ್ನೆರಡು ಮರಿಗಳಿಗೆ ಸರಿ. ಹಾಲು ಬಿಡಿಸಿದ ದಿನ ಅಲ್ಲಿ ಇಪ್ಪತ್ತು ಮರಿಗಳು ಸಲೀಸಾಗಿ ಮಲಗುವುದನ್ನು ಕಂಡು ರೈತರು ಮೋಸಹೋಗುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಲವಾದವು ಬಾನಿಯನ್ನು ಆಕ್ರಮಿಸಿ, ಸಣ್ಣವು ಹಿಂದೆ ನಿಲ್ಲುತ್ತವೆ. ಜಾಗವಿದ್ದರೆ ಹಂದಿ ಒಂದೇ ಮೂಲೆಯಲ್ಲಿ ಸಗಣಿ ಹಾಕುವ ಶುಚಿಯಾದ ಪ್ರಾಣಿ. ಇಕ್ಕಟ್ಟಾದರೆ ಸಗಣಿಯ ಮೇಲೆಯೇ ಮಲಗುತ್ತದೆ. ಮೂತ್ರದ ಘಾಟಿಗೆ ಕೆಮ್ಮು ಹಿಡಿಯುತ್ತದೆ, ಬಾಲ ಕಚ್ಚುವ ಚಟ ಹುಟ್ಟುತ್ತದೆ, ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ಜಾಗದ ಈ ಕೊರತೆಯನ್ನು ಆಹಾರ ಹೆಚ್ಚಿಸಿ ತುಂಬಲಾಗದು.

ಎಲ್ಲ ಮರಿಗಳೂ ಒಮ್ಮೆಗೇ ಬಾಯಿ ಹಾಕುವಷ್ಟು ಉದ್ದದ ಬಾನಿ ಇರಬೇಕು. ಮರಿಗಳನ್ನು ಗುಂಪು ಮಾಡುವಾಗ ವಯಸ್ಸಿಗಿಂತ ತೂಕವನ್ನು ನೋಡುವುದು ಲೇಸು. ಬೇರೆ ಬೇರೆ ಸೂಲಿನವನ್ನು ಕತ್ತಲಾಗುವ ಹೊತ್ತಿಗೆ, ಮೇವು ಹಾಕಿದ ಮೇಲೆ ಕೂಡಿಸಿದರೆ ಕಾದಾಟ ಕಡಿಮೆಯಾಗುತ್ತದೆ.