ಪತ್ತನಾಜೆ: ಗೆಜ್ಜೆ ಬಿಚ್ಚುವ ದಿನ

ಮೇ ತಿಂಗಳಲ್ಲಿ ಪರಂಪರೆಯ ಹೆಸರಿನ ದಿನಗಳಿಗೆ ಬರವಿಲ್ಲ. 1977ರಿಂದ ನಡೆದು ಬಂದ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ 18ಕ್ಕೆ, 2002ರಲ್ಲಿ ವಿಶ್ವಸಂಸ್ಥೆ ಸಾರಿದ ಸಾಂಸ್ಕೃತಿಕ ವೈವಿಧ್ಯದ ದಿನ 21ಕ್ಕೆ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ವಿಜಯನಾಥ ಶೆಣೈಯವರ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಮಣಿಪಾಲದಲ್ಲೇ ಇರುವುದರಿಂದ, ಅಲ್ಲಿಯವರಿಗೆ ಮೊದಲ ದಿನದ ಅರ್ಥ ಹೇಳಿಕೊಡಬೇಕಾಗಿಲ್ಲ. ಆದರೆ ಉಡುಪಿ ಸೀಮೆಯ ನಿಜವಾದ ಗಡುವು ಇನ್ನೂ ಮೂರು ನಾಲ್ಕು ದಿನ ಮುಂದಿದೆ. ಅದು ಪತ್ತನಾಜೆ.

ತುಳುವರ ಬೇಶ ತಿಂಗಳ ಹತ್ತನೆಯ ದಿನವದು. ಅವರದು ಸೌರಮಾನವಾದ್ದರಿಂದ ಮೇ 24 ಅಥವಾ 25 ತಪ್ಪುವುದಿಲ್ಲ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕು ಎನ್ನುತ್ತಾರೆ ಹಳಬರು. ದೈವಗಳ ಕೋಲ, ನೇಮ ಅಲ್ಲಿಗೆ ಮುಗಿದವು. ಯಕ್ಷಗಾನ ಮೇಳಗಳು ಕೊನೆಯ ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ದೀಪಾವಳಿ ಕಳೆದ ಮೇಲೆಯೇ. ಕೋಲಕ್ಕೂ ಆಟಕ್ಕೂ ಬಯಲೇ ಆಸರೆ. ಮುಖದ ಬಣ್ಣವೂ ತೆಂಗಿನ ಸಿರಿಯೂ ಕರಾವಳಿಯ ಮಳೆಗೆ ನಿಲ್ಲುವಂಥವಲ್ಲ. ಅದಕ್ಕಿಂತ ಮುಖ್ಯವಾಗಿ, ಕುಣಿಯುವವರೂ ಕೂತು ನೋಡುವವರೂ ಗದ್ದೆಗೆ ಇಳಿಯಬೇಕಾದವರು. ದೈವದ ಹೆಸರಿನ ಈ ಕಟ್ಟುಪಾಡಿನೊಳಗೆ ಬೇಸಾಯಗಾರನ ಲೆಕ್ಕಾಚಾರ ಅಡಗಿದೆ ಎಂಬುದು ನನ್ನ ಎಣಿಕೆ.

ಮಳೆಗಾಲದ ಬಿಡುವು ತುಳುವರ ದೈವಗಳಿಗಷ್ಟೇ ಸೀಮಿತವಲ್ಲ. ಚಾತುರ್ಮಾಸ್ಯದಲ್ಲಿ ಉಡುಪಿ ಕೃಷ್ಣಮಠದ ಉತ್ಸವಮೂರ್ತಿ ಹೊರಗೆ ಬರುವುದಿಲ್ಲ. ಅದಕ್ಕೇ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಲ್ಲಿ ರಥ ಏರುವವನು ಮಣ್ಣಿನ ಕೃಷ್ಣ. ಜೈನ ಮುನಿಗಳೂ ಆ ತಿಂಗಳುಗಳಲ್ಲಿ ಒಂದೇ ಊರಿನಲ್ಲಿ ನಿಲ್ಲುತ್ತಾರೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಕಾರ್ಕಳದ 42 ಅಡಿಯ ಗೊಮ್ಮಟನಿಗೆ 2015ರಲ್ಲಿ ಮಹಾಮಸ್ತಕಾಭಿಷೇಕ ನಡೆದದ್ದು ಜನವರಿಯಲ್ಲಿ. ಅದೇ ಕಾರ್ಕಳದ ಅತ್ತೂರು ಇಗರ್ಜಿಯದು ಇನ್ನೂ ಸ್ವಾರಸ್ಯ: ಸಂತ ಲಾರೆನ್ಸರ ದಿನ ಆಗಸ್ಟ್ 10, ಸಾಂತ್‌ಮಾರಿ ಎಂಬ ಅವರ ಜಾತ್ರೆ ಮಾತ್ರ ಜನವರಿಯಲ್ಲಿ! ಮಲ್ಪೆಯ ಯಾಂತ್ರಿಕ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ಕಡಲು ನಿಷಿದ್ಧ. ಅದು ಮೀನು ಮೊಟ್ಟೆಯಿಡುವ ಕಾಲ.

ಕಾಪುವಿನ ಮಾರಿಯಮ್ಮ ಈ ಕಟ್ಟಿಗೆ ಸಿಕ್ಕವಳಲ್ಲ. ಸುಗ್ಗಿ, ಆಟಿ, ಜಾರ್ದೆ ಎಂಬ ತುಳು ತಿಂಗಳುಗಳಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ, ಅದರಲ್ಲಿ ಆಟಿಯದು ಜಡಿಮಳೆಯ ನಡುವೆಯೇ. ರೋಗ ಕಳೆಯುವವಳೆಂದು ನಂಬಿದ ಅಮ್ಮನಿಗೆ ರೋಗ ಹೆಚ್ಚುವ ಕಾಲದಲ್ಲಿ ರಜೆ ಕೊಡುವುದು ಹೇಗೆ? ಅವಳ ಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ಊದುತ್ತ ಬಂದದ್ದು ಮುಸ್ಲಿಂ ಮನೆತನ. ಮೇ 21ಕ್ಕೆ ಭಾಷಣ ಸಿದ್ಧಪಡಿಸುವವರು ಆ ನಾಗಸ್ವರವನ್ನು ಒಮ್ಮೆ ಕೇಳಿ ಬಂದರೆ ಭಾಷಣ ಅರ್ಧಕ್ಕೆ ಇಳಿದೀತು.

ಈಗ ಮಳೆಗಾಲದಲ್ಲೂ ಸಭಾಂಗಣಗಳಲ್ಲಿ ಆಟ, ತಾಳಮದ್ದಳೆ ನಡೆಯುತ್ತವೆ. ಕಲಾವಿದರ ಹೊಟ್ಟೆಪಾಡಿಗೆ ಅದು ಒಳ್ಳೆಯದೇ. ಆದರೂ ಬಯಲಾಟ, ಕೋಲ ನೋಡಬೇಕೆಂದಿದ್ದರೆ ಪತ್ತನಾಜೆಗೆ ಮೊದಲೇ ಬನ್ನಿ; ತಪ್ಪಿದರೆ ದೀಪಾವಳಿಯವರೆಗೆ ಕಾಯಬೇಕು.