ತಿಣುಕುವ ಸೆಲ್ಫ್ ಮೋಟಾರು

ಕೀಲಿ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ಹೊರಳಿ, ಗಕ್ಕನೆ ನಿಂತು, ಮತ್ತೆ ತಿಣುಕಿ ಇನ್ನರ್ಧ ಸುತ್ತು ಹೊರಳುತ್ತದೆ. ಅಮೆರಿಕದಲ್ಲಿ ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಚೆನ್ನಾಗಿ ಪರಿಚಯವಿರುವ ಕಾಯಿಲೆ ಇದು. ಮೊದಲ ಅನುಮಾನ ಬೀಳುವುದು ಸ್ಟಾರ್ಟರ್ ಮೋಟಾರಿನ ಮೇಲೆ. ದುಡ್ಡು ಕೊಟ್ಟು ಹೊಸದನ್ನು ಕೂರಿಸಿದ ಮೇಲೂ ತಿಣುಕಾಟ ಹಾಗೇ ಉಳಿದರೆ ಆಶ್ಚರ್ಯವೇನಿಲ್ಲ. ಬಹಳ ಸಲ ಮೋಟಾರು ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ತಲುಪಬೇಕಾದ ವಿದ್ಯುತ್ತು ದಾರಿಯಲ್ಲೇ ಖರ್ಚಾಗಿರುತ್ತದೆ, ಇಲ್ಲವೇ ಎಂಜಿನ್ನು ಅದರ ಕೈಲಾಗದಷ್ಟು ಕೆಲಸ ಕೇಳುತ್ತಿರುತ್ತದೆ.

ಈ ಪುಟ್ಟ ಟ್ರ್ಯಾಕ್ಟರುಗಳು ಹುಲ್ಲು ಕತ್ತರಿಸುವ ಆಟಿಕೆಗಳಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ ಬಂದದ್ದು 1961ರಲ್ಲಿ. 1963ರಲ್ಲಿ ವಿಸ್ಕಾನ್ಸಿನ್‌ನ ಹಾರಿಕಾನ್ ಊರಿನ ಕಾರ್ಖಾನೆಯಿಂದ ಜಾನ್ ಡೀರ್ 110 ಹೊರಬಂತು. ಎರಡರಲ್ಲೂ ಇದ್ದದ್ದು ಕೋಹ್ಲರ್ ಕಂಪನಿಯ ಕೆ-ಸರಣಿಯ ಒಂಟಿ ಸಿಲಿಂಡರ್ ಪೆಟ್ರೋಲ್ ಎಂಜಿನ್, ಎರಕದ ಕಬ್ಬಿಣದ ಮೈ. ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹಿಮ ಎಂದು ಅವು ಇವತ್ತಿಗೂ ದುಡಿಯುತ್ತಿವೆ. ಇಂಥ ಯಂತ್ರವನ್ನು ತಪ್ಪು ರೋಗನಿರ್ಣಯದಿಂದ ಗುಜರಿಗೆ ಹಾಕುವುದು ನನಗೆ ಸಹಿಸಲಾಗದ ಸಂಗತಿ.

ಎಂಜಿನ್ನಿನ ಬೇಡಿಕೆ ಎಷ್ಟೆಂದು ಮೊದಲು ನೋಡೋಣ. ಕೋಹ್ಲರ್ ಕೆ-301 ಹನ್ನೆರಡು ಅಶ್ವಶಕ್ತಿಯದು. ಅದರ ಸಿಲಿಂಡರಿನ ವ್ಯಾಸ 85.7 ಮಿ.ಮೀ., ಅಂದರೆ ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 58 ಚದರ ಸೆಂ.ಮೀ. ಒಳಗಿನ ಗಾಳಿಯನ್ನು ಅದುಮುವಾಗ ಒತ್ತಡ ಚದರ ಸೆಂ.ಮೀ.ಗೆ 6 ಕೆಜಿ ಮುಟ್ಟಿದರೂ ಪಿಸ್ಟನ್ ಮೇಲೆ ಬೀಳುವ ಭಾರ ಹತ್ತಿರ ಹತ್ತಿರ 350 ಕೆಜಿ! ನಾಲ್ಕು ಸಿಲಿಂಡರಿನ ಕಾರಿನಲ್ಲಿ ಈ ಹೊರೆ ಹಂಚಿಹೋಗುತ್ತದೆ. ಒಂಟಿ ಸಿಲಿಂಡರಿನಲ್ಲಿ ಹಾಗಿಲ್ಲ. ಎರಡು ಸುತ್ತಿಗೊಮ್ಮೆ ಇಡೀ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಬೇಕು.

ಹಳೆಯ ಬುಲೆಟ್ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹ್ಯಾಂಡಲಿನ ಎಡಗಡೆಯ ಡಿಕಂಪ್ರೆಷನ್ ಲಿವರ್ ಹಿಡಿದು, ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು, ಪಿಸ್ಟನ್ನನ್ನು ಮೆಲ್ಲಗೆ ತುದಿ ದಾಟಿಸಿದ ಮೇಲೆಯೇ ಕಿಕ್ ಹೊಡೆಯುತ್ತಿದ್ದುದು. ಕೋಹ್ಲರ್ ಎಂಜಿನ್ನು ಇದೇ ಉಪಾಯವನ್ನು ತಾನೇ ಮಾಡಿಕೊಳ್ಳುತ್ತದೆ. ಅದರ ಕ್ಯಾಮ್‌ಶಾಫ್ಟಿನ ಗೇರಿನ ಮೇಲೆ ಪುಟ್ಟ ತೂಕದ ತುಂಡುಗಳಿವೆ. ಎಂಜಿನ್ ನಿಧಾನ ತಿರುಗುವಾಗ ಅವಕ್ಕೆ ಸೇರಿದ ಚಿಕ್ಕ ನಾಲಿಗೆಯೊಂದು ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು, ಗಾಳಿಯನ್ನು ಸ್ವಲ್ಪ ಹೊರಕ್ಕೆ ಬಿಡುತ್ತದೆ. ವೇಗ ನಿಮಿಷಕ್ಕೆ ಸುಮಾರು 650 ಸುತ್ತಿಗೆ ಏರಿತೆಂದರೆ ಆ ತೂಕಗಳು ಹೊರಕ್ಕೆ ಚಿಮ್ಮುತ್ತವೆ, ನಾಲಿಗೆ ಪಕ್ಕಕ್ಕೆ ಸರಿಯುತ್ತದೆ, ಎಂಜಿನ್ನಿಗೆ ಪೂರ್ಣ ಕಂಪ್ರೆಷನ್ ಸಿಗುತ್ತದೆ.

ಈ ಎತ್ತುವಿಕೆ ತೀರಾ ಅಲ್ಪ. ಹಾಗಾಗಿ ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವಿನ ಗ್ಯಾಪು ಹಿಗ್ಗಿದರೆ ನಾಲಿಗೆಯ ಶ್ರಮವೆಲ್ಲ ಆ ಸಂದಿಯಲ್ಲೇ ಮುಗಿದುಹೋಗಿ ವಾಲ್ವು ಅಲುಗುವುದೇ ಇಲ್ಲ. ಇದು ಕೋಹ್ಲರಿಗಷ್ಟೇ ಸೇರಿದ ಮಾತಲ್ಲ. ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ ಒಂಟಿ ಸಿಲಿಂಡರ್ ಇಂಟೆಕ್ ಎಂಜಿನ್ನುಗಳಲ್ಲಿ ವಾಲ್ವುಗಳು ಮೇಲೆ ತಲೆಯಲ್ಲಿವೆ. ಅಲ್ಲಿ ಇಂಟೇಕ್ ವಾಲ್ವಿನ ಸಂದಿ 0.003ರಿಂದ 0.005 ಇಂಚು, ಎಕ್ಸಾಸ್ಟಿನದು 0.005ರಿಂದ 0.007 ಇಂಚು ಇರಬೇಕು. ಪಿಸ್ಟನ್ನು ಕಂಪ್ರೆಷನ್ನಿನ ತುದಿ ದಾಟಿ ಕಾಲು ಇಂಚು ಕೆಳಗಿಳಿದಾಗ ಫೀಲರ್ ಗೇಜ್ ತೂರಿಸಿ ಅಳೆಯುವುದು ಕ್ರಮ. ಅರ್ಧ ಸುತ್ತಿಗೆ ಗಕ್ಕನೆ ನಿಲ್ಲುವ ಎಷ್ಟೋ ಎಂಜಿನ್ನುಗಳು ಈ ಒಂದು ಹೊಂದಾಣಿಕೆಗೇ ಸರಿಹೋಗುತ್ತವೆ. ಸ್ಟಾರ್ಟರಿನ ಒಂದು ಬೋಲ್ಟೂ ಬಿಚ್ಚಬೇಕಾಗುವುದಿಲ್ಲ.

ಹಾಗಾದರೆ ತಪ್ಪು ಎಂಜಿನ್ನಿನದೋ ವಿದ್ಯುತ್ತಿನದೋ ಎಂದು ತಿಳಿಯುವುದು ಹೇಗೆ? ಪ್ಲಗ್ ಬಿಚ್ಚಿ. ಪ್ಲಗ್ಗಿನ ವೈರನ್ನು ಎಂಜಿನ್ ಬ್ಲಾಕಿಗೆ ಅರ್ಥ್ ಮಾಡಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಬ್ರೇಕು ಹಾಕಿರಲಿ. ಈಗ ಸೆಲ್ಫ್ ಹೊಡೆಯಿರಿ. ಎಂಜಿನ್ನು ಸರಾಗವಾಗಿ ತಿರುಗಿದರೆ ಅನುಮಾನ ಹೆಚ್ಚಾಗಿ ಕಂಪ್ರೆಷನ್ನಿನ ಕಡೆಗೆ ಸರಿಯಿತು. ಅದುಮಲು ಗಾಳಿಯೇ ಇಲ್ಲದಾಗಲೂ ಏದುಸಿರು ಬಿಡುತ್ತಿದ್ದರೆ ಬ್ಯಾಟರಿಯಿಂದ ಸ್ಟಾರ್ಟರಿನವರೆಗಿನ ದಾರಿಯನ್ನೋ, ಸ್ಟಾರ್ಟರನ್ನೋ, ಎಂಜಿನ್ನಿನ ಒಳಗಿನ ಬಿಗಿತವನ್ನೋ ಹುಡುಕಬೇಕು. ಪ್ಲಗ್ ಮತ್ತೆ ಹಾಕಿ, ಕಿಡಿ ಬಾರದಂತೆ ವೈರನ್ನು ಅರ್ಥ್‌ನಲ್ಲೇ ಬಿಟ್ಟಾಗ ಹಗುರಾಗಿ ತಿರುಗಿ, ಕಿಡಿ ಕೊಟ್ಟೊಡನೆ ಒದೆಯತೊಡಗಿದರೆ ಕಿಡಿಯ ಟೈಮಿಂಗ್ ಮುಂದೆ ಹೋಗಿದೆ ಎಂದರ್ಥ. ಕೆ-ಸರಣಿಯಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟಿನ ಗ್ಯಾಪು 0.020 ಇಂಚಿಗಿಂತ ದೊಡ್ಡದಾದಷ್ಟೂ ಪಾಯಿಂಟು ಬೇಗ ತೆರೆದು, ಪಿಸ್ಟನ್ ಮೇಲೇರುತ್ತಿರುವಾಗಲೇ ಬೆಂಕಿ ಹತ್ತಿ, ಅದನ್ನು ಹಿಂದಕ್ಕೆ ನೂಕುತ್ತದೆ.

ಇನ್ನು ವಿದ್ಯುತ್ತಿನ ದಾರಿ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ, ಕೇಬಲ್ಲಿನ ಎರಡು ತುದಿಗೆ ಮೀಟರು ಇಟ್ಟರೆ ಬೀಪ್ ಎನ್ನುತ್ತದೆ, ಎಲ್ಲ ಸರಿಯಿದೆ ಎಂದು ಬಿಡುವವರೇ ಹೆಚ್ಚು. ತಪ್ಪಾಗುವುದು ಇಲ್ಲೇ. ಟರ್ಮಿನಲ್ಲಿನ ಕ್ಲಾಂಪಿನೊಳಗೆ ಬಿಳಿ-ಹಸಿರು ಪುಡಿ ಕಟ್ಟಿ ಕೇವಲ 0.02 ಓಮ್ ಅಡಚಣೆ ಹುಟ್ಟಿದೆ ಎನ್ನಿ. ಹೆಡ್‌ಲೈಟ್ ಉರಿಸುವ ನಾಲ್ಕೈದು ಆಂಪಿಯರಿಗೆ ಅದು ಲೆಕ್ಕಕ್ಕೇ ಇಲ್ಲ. ಸ್ಟಾರ್ಟರಿನ 100 ಆಂಪಿಯರ್ ಹರಿದಾಗ ಅದೇ ಜಾಗದಲ್ಲಿ 2 ವೋಲ್ಟ್ ಮಾಯವಾಗುತ್ತದೆ, 200 ವಾಟ್ ಬರೀ ಶಾಖವಾಗುತ್ತದೆ. ಮೀಟರಿನ ಸ್ವಂತ ವೈರುಗಳ ಅಡಚಣೆಯೇ ಇದರ ಹತ್ತುಪಟ್ಟು ಇರಬಹುದಾದ್ದರಿಂದ ಓಮ್ ಅಳೆದು ಈ ದೋಷ ಹಿಡಿಯಲು ಸಾಧ್ಯವಿಲ್ಲ. ಭಾರ ಹೊತ್ತಾಗಲೇ ಹಿಡಿಯಬೇಕು.

ಮೀಟರನ್ನು ಡಿಸಿ ವೋಲ್ಟಿಗಿಡಿ. ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಸೀಸದ ಕಂಬದ ಮೇಲೇ ಇರಲಿ, ಕ್ಲಾಂಪಿನ ಮೇಲೆ ಬೇಡ. ಕಪ್ಪು ಕಡ್ಡಿ ಸ್ಟಾರ್ಟರಿನ ಟರ್ಮಿನಲ್ಲಿಗೆ. ಕಿಡಿ ಬಾರದಂತೆ ಮಾಡಿಯೇ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್, ಸೊಲೆನಾಯ್ಡ್, ಕೀಲುಗಳಲ್ಲಿ ಎಲ್ಲೋ ನಷ್ಟವಿದೆ. ಒಂದೊಂದೇ ತುಂಡಿಗೆ ಕಡ್ಡಿ ಸರಿಸುತ್ತ ಹೋದರೆ ಕಳ್ಳ ಸಿಗುತ್ತಾನೆ. ಆಮೇಲೆ ಅರ್ಥ್ ಕಡೆಯನ್ನೂ ಬಿಡದೆ ನೋಡಿ: ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಮೈಗೆ. ಬ್ಯಾಟರಿಯ ಅರ್ಥ್ ವೈರು ಫ್ರೇಮಿಗೆ ಬಿಗಿದಿದ್ದು, ಎಂಜಿನ್ನು ತುಕ್ಕು, ಬಣ್ಣ ಅಥವಾ ರಬ್ಬರ್ ಮೌಂಟಿನ ಮೇಲೆ ಕೂತಿದ್ದರೆ ವಿದ್ಯುತ್ತು ಮರಳಿ ಬರಲು ಪರದಾಡುತ್ತದೆ. ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ ನೇರವಾಗಿ ಒಂದು ದಪ್ಪ ಕೇಬಲ್ ಎಳೆಯುವುದು ನಾನು ಕಂಡಂತೆ ಅತ್ಯಂತ ಸಾರ್ಥಕ ರಿಪೇರಿ.

ಈ ನಷ್ಟ ತಾನೇ ಬೆಳೆಯುವಂಥದ್ದು. ತಿರುಗುವ ಮೋಟಾರು ಒಳಗೊಳಗೇ ಎದುರು ವೋಲ್ಟೇಜನ್ನೂ ಹುಟ್ಟಿಸಿ ತನ್ನ ಕರೆಂಟಿಗೆ ತಾನೇ ಲಗಾಮು ಹಾಕಿಕೊಂಡಿರುತ್ತದೆ. ವೇಗ ಇಳಿದರೆ ಲಗಾಮು ಸಡಿಲವಾಗಿ ಕರೆಂಟು ಏರುತ್ತದೆ. ಕೆಟ್ಟ ಕೀಲಿನಲ್ಲಿ ಇನ್ನಷ್ಟು ವೋಲ್ಟೇಜು ಕಳೆದು ಮೋಟಾರಿಗೆ ಸಿಗುವ ಬಲ ಕುಗ್ಗುತ್ತದೆ. ಪೂರ್ತಿ ನಿಂತ ಮೋಟಾರಿನಲ್ಲಿ ಕರೆಂಟು ಎಲ್ಲಕ್ಕಿಂತ ಹೆಚ್ಚು. ಗುಂಡಿ ಒತ್ತಿಯೇ ಹಿಡಿದವರ ಸ್ಟಾರ್ಟರು ಸುಟ್ಟುಹೋಗುವುದು ಹೀಗೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ 60 ಸೆಕೆಂಡ್ ಆರಲು ಬಿಡಬೇಕು.

ಕೊರೆಯುವ ಚಳಿ ಎರಡೂ ಕಡೆಯಿಂದ ಹಿಂಡುತ್ತದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಟರಿಯ ತ್ರಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಬೇಸಿಗೆಗೆಂದು ಹಾಕಿದ ದಪ್ಪ ಆಯಿಲ್ ಅಂಟಾಗುತ್ತದೆ.

ಇದೆಲ್ಲ ದಾಟಿಯೂ ತಿಣುಕಾಟ ಉಳಿದರೆ ಈಗ ಸ್ಟಾರ್ಟರ್ ಬಿಚ್ಚಬಹುದು. ಹಳೆಯ ಕಬ್ ಕೆಡೆಟ್‌ನಂಥವುಗಳಲ್ಲಿ ಅದು ಬೆಲ್ಟಿನಿಂದ ಎಂಜಿನ್ ತಿರುಗಿಸಿ, ಎಂಜಿನ್ ಹತ್ತಿದ ಮೇಲೆ ತಾನೇ ಡೈನಮೋ ಆಗಿ ಬ್ಯಾಟರಿ ತುಂಬುವ ಜೋಡಿ ಯಂತ್ರ. ಚಾರ್ಲ್ಸ್ ಕೆಟರಿಂಗ್ 1912ರ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ಸೆಲ್ಫ್ ಸ್ಟಾರ್ಟರಿನದೂ ಇದೇ ಜೋಡಿ ಕೆಲಸ. ಇದರಲ್ಲಿ ಬೆಲ್ಟ್ ಜಾರುತ್ತಿದೆಯೇ ಎಂದು ಮೊದಲೇ ನೋಡಿ. ಒಳಗೆ ಕಾರ್ಬನ್ ಬ್ರಷ್ ಸವೆದಿರಬಹುದು, ಕಮ್ಯುಟೇಟರು ಕಪ್ಪುಗಟ್ಟಿರಬಹುದು. ಬುಷ್ ಸವೆದಿದ್ದರೆ ಆರ್ಮೇಚರು ವಾಲಿ ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತದೆ, ಆರ್ಮೇಚರಿನ ಮೈಮೇಲೆ ಹೊಳೆಯುವ ಗೀಚು ಎದ್ದು ಕಾಣುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ತಿರುಗಿ, ಬಿಸಿಯಾದೊಡನೆ ತಿಣುಕುವ ಸ್ಟಾರ್ಟರಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಗೀಚನ್ನು. ಗೀಚು ಆಳವಾಗಿಲ್ಲದಿದ್ದರೆ ಮೋಟಾರು ಬದಲಿಸುವುದು ಬೇಡ, ಬುಷ್ ಬದಲಿಸಿದರೆ ಸಾಕು.